ಹಳೆಯ ಗರಗಸ ಯಾರು ಮಾಡಿದ್ದು? ತಿಕ್ಕುವ ಮೊದಲು ಓದಿ

ಹಳೆಯ ಕೈಗರಗಸ ಸಿಕ್ಕ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ತುಕ್ಕು ತಿಕ್ಕುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ತಯಾರಕರ ಹೆಸರು ಹೇಳುವ ಅತ್ಯುತ್ತಮ ಸಾಕ್ಷಿ ಎಂದರೆ ಅಲಗಿನ ಮೇಲೆ ಆಮ್ಲದಿಂದ ಮೂಡಿಸಿದ ಬರಹ. ಅದರ ಆಳ ತೀರಾ ಕಡಿಮೆ. ತಂತಿ ಬ್ರಷ್ ಅಥವಾ ಗ್ರೈಂಡರ್ ನಾಲ್ಕು ಸಲ ಹಾಯ್ದರೆ ಸಾಕು, ನೂರು ವರ್ಷ ಉಳಿದುಬಂದ ಹೆಸರು ಅಳಿದುಹೋಗುತ್ತದೆ.

ಮೊದಲು ಹಿಡಿಯನ್ನು ನೋಡಿ. ಅದನ್ನು ಅಲಗಿಗೆ ಬಿಗಿದಿರುವ ತಿರುಪುಗಳಲ್ಲಿ ಒಂದರ ತಲೆ ಉಳಿದವುಗಳಿಗಿಂತ ದೊಡ್ಡದಾಗಿ, ನಾಣ್ಯದಂತೆ ಅಚ್ಚೊತ್ತಿಕೊಂಡಿರುತ್ತದೆ. ಈ ಹಿತ್ತಾಳೆ ಬಿಲ್ಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಭೂತಗನ್ನಡಿ ಹಿಡಿದು ಅಕ್ಷರಕ್ಷರ ಓದಿ. ಒಂದೇ ಅಕ್ಷರ ಎಷ್ಟು ಹೇಳಬಲ್ಲದು ಎಂಬುದಕ್ಕೆ ಡಿಸ್ಟನ್ ಒಳ್ಳೆಯ ಉದಾಹರಣೆ. ಹೆನ್ರಿ ಡಿಸ್ಟನ್ ಅಮೆರಿಕದ ಫಿಲಡೆಲ್ಫಿಯಾದಲ್ಲಿ 1840ರಲ್ಲಿ ಗರಗಸ ತಯಾರಿಕೆ ಆರಂಭಿಸಿದರು. 1865ರಲ್ಲಿ ಒಬ್ಬ ಮಗ ಪಾಲುದಾರನಾದಾಗ ಬಿಲ್ಲೆಯ ಮೇಲೆ ‘ಡಿಸ್ಟನ್ ಆ್ಯಂಡ್ ಸನ್’ ಎಂದು ಬಂತು. 1871ರಿಂದ ಅದು ‘ಸನ್ಸ್’ ಆಯಿತು. ಕೊನೆಯಲ್ಲಿ ಆ ಬಹುವಚನ ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು ಆರೇಳು ವರ್ಷಗಳ ಕಿರಿದಾದ ಅವಧಿಯ ಗರಗಸ. ಇಂಥದ್ದು ಕಣ್ಣಿಗೆ ಬಿದ್ದ ದಿನದ ಸಂತೋಷವೇ ಬೇರೆ.

ಬಿಲ್ಲೆಯಲ್ಲಿ ‘ವಾರಂಟೆಡ್ ಸುಪೀರಿಯರ್’ ಎಂದು ಮಾತ್ರ ಇದ್ದರೆ ಅದು ಕಂಪನಿಯ ಹೆಸರಲ್ಲ. ಹಲವು ತಯಾರಕರು ಬಳಸಿದ ಸಾಮಾನ್ಯ ಬಿಲ್ಲೆ ಅದು. ಅಲಗಿನ ಮೇಲೆ ಕಾಣುವ ‘ಕಾಸ್ಟ್ ಸ್ಟೀಲ್’ ಕೂಡ ಹಾಗೆಯೇ: ಮೂಸೆಯಲ್ಲಿ ಕರಗಿಸಿ ತೆಗೆದ ಉಕ್ಕು ಎಂಬುದಷ್ಟೇ ಅದರ ಅರ್ಥ. ‘ಜರ್ಮನ್ ಸ್ಟೀಲ್’ ಎಂದಿರುವುದನ್ನು ನೋಡಿ ಜರ್ಮನಿಯದ್ದೆಂದು ತೀರ್ಮಾನಿಸಬೇಡಿ. ಅದು ಉಕ್ಕಿನ ದರ್ಜೆಯ ಹೆಸರು.

ಬಿಲ್ಲೆಯನ್ನೂ ಪೂರ್ತಿ ನಂಬುವಂತಿಲ್ಲ. ಹಿಡಿ ಮುರಿದರೆ ಬಡಗಿ ಇನ್ನೊಂದು ಗರಗಸದ ಹಿಡಿಯನ್ನು ತಂದು ಕೂರಿಸುತ್ತಿದ್ದ. ಹಿಡಿಯ ಅಂಚಿನಲ್ಲಿ ಅಲಗಿನ ಮೇಲೆ ಬೇರೊಂದು ಆಕಾರದ ಮಸುಕು ನೆರಳು ಅಥವಾ ಬಳಕೆಯಲ್ಲಿಲ್ಲದ ತೂತು ಕಂಡರೆ ಹಿಡಿ ಬದಲಾಗಿದೆ ಎಂದೇ ತಿಳಿಯಿರಿ.

ಈಗ ಅಲಗಿಗೆ ಬನ್ನಿ. ಗರಗಸವನ್ನು ಕಿಟಕಿಯ ಹತ್ತಿರ ಕಣ್ಣಿನ ಮಟ್ಟಕ್ಕೆ ಮಲಗಿಸಿ ಹಿಡಿದು, ಓರೆಯಾಗಿ ಬೆಳಕು ಬೀಳುವಂತೆ ನಿಧಾನವಾಗಿ ತಿರುಗಿಸಿ. ಮಧ್ಯಭಾಗದಲ್ಲಿ, ತುಕ್ಕಿನ ಕಂದು ಬಣ್ಣದೊಳಗೆ, ಅಕ್ಷರದ ಬಳುಕೊಂದು ಒಮ್ಮೆ ಮಿಂಚಿ ಮರೆಯಾಗುತ್ತದೆ. ಆ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ. ಬಳಿಕ ಚಪ್ಪಟೆ ಮರದ ತುಂಡಿಗೆ 400 ಅಥವಾ 600ರ ನಯವಾದ ಉಪ್ಪುಕಾಗದ ಸುತ್ತಿ, ಸೀಮೆಎಣ್ಣೆ ಹಚ್ಚಿ, ಅಲಗಿನ ಉದ್ದಕ್ಕೇ ಹಗುರವಾಗಿ ಉಜ್ಜಿ. ಮರದ ತುಂಡು ಖಂಡಿತ ಬೇಕು. ಬೆರಳಿನಿಂದ ಒತ್ತಿದರೆ ಕಾಗದ ತಗ್ಗಿಗೂ ಇಳಿದು ಅಕ್ಷರವನ್ನೇ ತಿನ್ನುತ್ತದೆ. ಮೇಲ್ಮೈ ಬೆಳ್ಳಗಾಗುತ್ತಾ ಹೋದಂತೆ ಬರಹ ಮಾತ್ರ ಕಪ್ಪಾಗಿ ಉಳಿಯುತ್ತದೆ. ಓದಲು ಬಂದ ಕ್ಷಣವೇ ಕೈ ನಿಲ್ಲಿಸಿ, ಫೋಟೊ ತೆಗೆಯಿರಿ.

ಇಂಗ್ಲೆಂಡಿನ ಶೆಫೀಲ್ಡ್‌ನ ಹಳೆಯ ಗರಗಸಗಳಲ್ಲಿ ಆಮ್ಲದ ಬರಹದ ಬದಲು ಉಳಿಯಿಂದ ಹೊಡೆದಂತೆ ಆಳವಾದ ಮುದ್ರೆ ಇರುವುದುಂಟು. ಬೆನ್ನಿಗೆ ಹಿತ್ತಾಳೆ ಅಥವಾ ಉಕ್ಕಿನ ಪಟ್ಟಿಯಿರುವ ಗಿಡ್ಡ ಗರಗಸವಾದರೆ ಹೆಸರನ್ನು ಆ ಪಟ್ಟಿಯ ಮೇಲೆ ಹುಡುಕಿ. ಈ ಪಟ್ಟಿ ಅಲಗು ಬಾಗದಂತೆ ತಡೆಯುತ್ತದೆ. ಸೂಕ್ಷ್ಮ ಜೋಡಣೆಯ ಕೆಲಸಕ್ಕೆಂದೇ ಮಾಡಿದ ಬಗೆ ಅದು.

ಬರಹ ಪೂರ್ತಿ ಅಳಿದಿದ್ದರೆ ಆಕಾರವೇ ಗತಿ. ಅಲಗಿನ ಮೇಲಂಚು ನೇರವಾಗಿದೆಯೇ, ಒಳಕ್ಕೆ ಬಾಗಿದೆಯೇ ನೋಡಿ. ಬಾಗಿದ ಬೆನ್ನನ್ನು ಜನಪ್ರಿಯಗೊಳಿಸಿದ್ದು 1874ರ ಸುಮಾರಿಗೆ ಬಂದ ಡಿಸ್ಟನ್ ಡಿ-8 ಮಾದರಿ. ಆದ್ದರಿಂದ ಅಂಥ ಅಲಗು ಅದಕ್ಕಿಂತ ಬಹಳ ಹಳೆಯದಿರುವ ಸಾಧ್ಯತೆ ಕಡಿಮೆ.

ಬಗೆಯನ್ನು ಹೇಳುವುದು ಹಲ್ಲು. ಉಳಿಗಳನ್ನು ಸಾಲಾಗಿ ನಿಲ್ಲಿಸಿದಂತೆ ಹಲ್ಲಿನ ತುದಿ ಚಪ್ಪಟೆಯಾಗಿದ್ದರೆ ಅದು ಮರವನ್ನು ನಾರಿನ ಉದ್ದಕ್ಕೆ ಸೀಳುವ ಗರಗಸ. ಪುಟ್ಟ ಚಾಕುಗಳಂತೆ ಓರೆಯಾಗಿ ಅರ ಹಾಕಿ ಮೊನಚಾಗಿಸಿದ್ದರೆ ನಾರಿಗೆ ಅಡ್ಡಲಾಗಿ ಕೊಯ್ಯುವುದು. ಅಳತೆಪಟ್ಟಿಯ ಸೊನ್ನೆಯನ್ನು ಒಂದು ಹಲ್ಲಿನ ತುದಿಗಿಟ್ಟು, ಆ ತುದಿಯನ್ನೂ ಸೇರಿಸಿ ಒಂದು ಇಂಚಿನೊಳಗೆ ಎಷ್ಟು ತುದಿಗಳಿವೆ ಎಣಿಸಿ. ಐದಾರು ಇದ್ದರೆ ಸಾಮಾನ್ಯವಾಗಿ ಸೀಳುವುದು. ಎಂಟರಿಂದ ಹನ್ನೆರಡು ಇದ್ದರೆ ಅಡ್ಡ ಕೊಯ್ಯುವುದು.

ಎಣಿಸಿದ ಮೇಲೆ ಹಿಡಿಯ ಬಳಿ, ಹಲ್ಲಿನ ಸಾಲಿನ ಮೇಲ್ಗಡೆ, ಒಂದು ಪುಟ್ಟ ಅಂಕಿಯಿದೆಯೇ ನೋಡಿ. ಕಾರ್ಖಾನೆಯವರು ಒತ್ತಿದ ತುದಿಗಳ ಲೆಕ್ಕ ಅದು. ಅಲ್ಲಿ 8 ಎಂದಿದ್ದು ನಿಮ್ಮ ಎಣಿಕೆ 10 ಆದರೆ, ಯಾರೋ ಹಳೆಯ ಹಲ್ಲುಗಳನ್ನು ಅರದಿಂದ ಸವೆಸಿ ಹೊಸ ಸಾಲನ್ನೇ ಕೊರೆದಿದ್ದಾರೆ.