ಮೀನಿನ ತಲೆ ಇಟ್ಟುಕೊಂಡು ಕಣ್ಣು, ಕಿವಿ, ನರಗಳ ಪಾಠ

ಅಂಕೋಲೆ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹತ್ತನೇ ತರಗತಿಗೆ ಕಣ್ಣು, ನರಮಂಡಲದ ಪಾಠ ಬರುವ ಹೊತ್ತಿಗೆ ಮೀನುಪೇಟೆಗೆ ಬೆಳಿಗ್ಗೆ ಬೇಗ ಹೋಗಬೇಕು. ಬುಟ್ಟಿ ಇಟ್ಟು ಕೂತವಳಿಗೆ ಈಗ ಬಿಡಿಸಿ ಹೇಳುವ ಅಗತ್ಯವಿಲ್ಲ. “ಅಕ್ಕೋರೆ, ನಿಮ್ಮ ತಲೆ ಬೇರೆ ತೆಗ್ದಿಟ್ಟಿದ್ದೆ” ಎಂದು ಪೊಟ್ಟಣ ಕೈಗೆ ಕೊಡುತ್ತಾಳೆ.

ಮೀನು ದೊಡ್ಡದಿರಬೇಕು, ಆ ದಿನದ್ದೇ ಆಗಿರಬೇಕು. ಕಣ್ಣಿನ ಸುತ್ತಲಿನ ಸ್ನಾಯುಗಳನ್ನು ಸಣ್ಣ ಕತ್ತರಿಯಲ್ಲಿ ಬಿಡಿಸಿದರೆ ಹಿಂದೆ ಬಿಳಿ ದಾರದಂಥದ್ದು ಉಳಿಯುತ್ತದೆ. ಅದೇ ದೃಷ್ಟಿ ನರ. ಅದನ್ನೂ ಕತ್ತರಿಸಿ, ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಬ್ಲೇಡಿನಿಂದ ಸೀಳಿ ಮೆಲ್ಲನೆ ಒತ್ತಿದರೆ ಗೋಲಿಯಂಥ ಮಸೂರ ಹೊರಬರುತ್ತದೆ. ಪತ್ರಿಕೆಯ ಮೇಲಿಟ್ಟರೆ ಅಡಿಯ ಅಕ್ಷರ ದೊಡ್ಡದಾಗಿ ಕಾಣುತ್ತದೆ. ಸಾರಿನಲ್ಲಿ ಬೆಂದ ಮೀನಿನ ಕಣ್ಣಲ್ಲಿ ಸಿಗುವ ಗಟ್ಟಿ ಬಿಳಿ ಗುಂಡು ಇದೇ ಎಂದಾಗ ಮಕ್ಕಳು ನಂಬುವುದಿಲ್ಲ. ಬಿಸಿಗೆ ಪ್ರೋಟೀನ್ ಹೆಪ್ಪುಗಟ್ಟಿ ಬೆಳ್ಳಗಾಗುತ್ತದೆ. ಅಜ್ಜಿಯ ಕಣ್ಣಿಗೆ ಪೊರೆ ಬರುವುದು ಬಿಸಿಯಿಂದಲ್ಲ, ಆದರೆ ಅಲ್ಲೂ ಮಸೂರದ ಪ್ರೋಟೀನುಗಳೇ ಗುಂಪುಗೂಡಿ ಬೆಳಕನ್ನು ತಡೆಯುತ್ತವೆ.

ಮನುಷ್ಯರ ಮಸೂರ ಇಷ್ಟು ಗುಂಡಗಿಲ್ಲವಲ್ಲ, ಯಾಕೆ? ಈ ಪ್ರಶ್ನೆಯನ್ನು ಮಕ್ಕಳ ಬಾಯಿಂದಲೇ ಹೊರಡಿಸಬೇಕು. ಗಾಳಿಯಲ್ಲಿರುವ ನಮ್ಮ ಕಣ್ಣಲ್ಲಿ ಬೆಳಕನ್ನು ಬಗ್ಗಿಸುವ ಕೆಲಸದ ಸುಮಾರು ಮೂರರಲ್ಲಿ ಎರಡು ಪಾಲು ಕಾರ್ನಿಯಾದ್ದು. ಎರಡು ವಸ್ತುಗಳ ವಕ್ರೀಭವನ ಸೂಚ್ಯಂಕ ಹತ್ತಿರಹತ್ತಿರವಿದ್ದರೆ ಅವುಗಳ ನಡುವೆ ಬೆಳಕು ಬಗ್ಗುವುದು ಕಡಿಮೆ. ನೀರಿನದ್ದು 1.33, ಕಾರ್ನಿಯಾದ್ದು 1.38ರ ಆಸುಪಾಸು. ಹಾಗಾಗಿ ನೀರೊಳಗೆ ಕಾರ್ನಿಯಾ ಹೆಚ್ಚುಕಡಿಮೆ ನಿರುಪಯೋಗಿ. ಸಮುದ್ರದಲ್ಲಿ ಮುಳುಗಿ ಕಣ್ಣು ಬಿಟ್ಟವರಿಗೆಲ್ಲ ಆ ಮಸುಕು ಗೊತ್ತು. ಮೀನಿಗೆ ಮಸೂರವೊಂದೇ ಗತಿ, ಅದಕ್ಕೇ ಅದು ಗುಂಡಗೆ. ಹತ್ತಿರ-ದೂರ ನೋಡಲು ನಾವು ಮಸೂರದ ದಪ್ಪ ಬದಲಿಸುತ್ತೇವೆ, ಮೀನು ಮಸೂರವನ್ನೇ ಹಿಂದೆಮುಂದೆ ಸರಿಸುತ್ತದೆ.

ಕ್ರೋಕರ್ ಜಾತಿಯ ಮೀನು ಸಿಕ್ಕರೆ ನನಗೆ ಹಬ್ಬ. ಅದರ ತಲೆಬುರುಡೆ ಒಡೆದರೆ ಎರಡು ದೊಡ್ಡ ಬಿಳಿ ಕಲ್ಲು ಸಿಗುತ್ತವೆ. ಅವು ಒಳಗಿವಿಯ ಕಲ್ಲುಗಳು, ಕ್ಯಾಲ್ಸಿಯಂ ಕಾರ್ಬೋನೇಟಿನವು. ಅವುಗಳಲ್ಲಿನ ಉಂಗುರ ಎಣಿಸಿ ಮೀನಿನ ವಯಸ್ಸು ಹೇಳುವುದುಂಟು. ನಮ್ಮ ಒಳಗಿವಿಯಲ್ಲೂ ಅದೇ ವಸ್ತು ಇದೆ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ. ತಲೆ ವಾಲಿದಾಗ ಹರಳುಗಳ ಭಾರಕ್ಕೆ ಅಡಿಯ ರೋಮಕೋಶಗಳ ಕೂದಲು ಬಾಗಿ ನರಕ್ಕೆ ಸಂಕೇತ ಹೋಗುತ್ತದೆ. ಈ ಹರಳುಗಳು ಜಾರಿ, ತಲೆ ತಿರುಗುವುದನ್ನು ಗ್ರಹಿಸುವ ಒಳಗಿವಿಯ ಅರ್ಧವೃತ್ತಾಕಾರದ ನಾಳಕ್ಕೆ ಸೇರಿದರೆ, ಮಲಗಿದಲ್ಲೇ ಮಗ್ಗುಲು ಬದಲಿಸಿದರೂ ಕೋಣೆ ಗಿರ್ರನೆ ತಿರುಗುತ್ತದೆ. ದೋಣಿಯಲ್ಲಿ ವಾಂತಿ ಬರುವುದು ಬೇರೆ ಕತೆ: ತೂಗಾಟವಿದೆ ಎಂದು ಒಳಗಿವಿ, ಎಲ್ಲ ನಿಂತೇ ಇದೆ ಎಂದು ದೋಣಿಯೊಳಗೆ ನೆಟ್ಟ ಕಣ್ಣು. ದೂರದ ದಿಗಂತ ನೋಡಿದರೆ ಎರಡರ ವರದಿ ಹೊಂದುತ್ತದೆ.

ಮೀನು ಮುಟ್ಟದ ಮನೆಯ ಮಕ್ಕಳನ್ನು ಒತ್ತಾಯಿಸಬಾರದು. ಅವರಿಗೆ ಅಪ್ಪೆ ಮಾವಿನಕಾಯಿಯ ತೆಳು ಸಾರು, ಅಪ್ಪೆಹುಳಿ. ಮೂಗು ಬಿಗಿಹಿಡಿದು ಕುಡಿದರೆ ಹುಳಿ, ಉಪ್ಪು, ಖಾರ ಮಾತ್ರ. ಮೂಗು ಬಿಟ್ಟೊಡನೆ ಅಪ್ಪೆಯ ಘಮ. ಖಾರ ರುಚಿಯೇ ಅಲ್ಲ. ಬಿಸಿ, ನೋವು ಗ್ರಹಿಸುವ ನರಗಳು ಕೊಡುವ ಉರಿ. ಆ ನರಗಳಲ್ಲಿ ಖಾರಕ್ಕೆ ಸ್ಪಂದಿಸುವ ಗ್ರಾಹಕವನ್ನು ಗುರುತಿಸಿದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಬಂತು.

ಕೊನೆಗೆ ಸ್ಕೇಲಿನ ಆಟ. ಒಬ್ಬರು ಬಿಡಬೇಕು, ಇನ್ನೊಬ್ಬರು ಬೆರಳಲ್ಲಿ ಹಿಡಿಯಬೇಕು. ಹಿಡಿಯುವ ಮುನ್ನ 15 ಸೆಂ.ಮೀ. ಜಾರಿದ್ದರೆ, ವಸ್ತು ಬೀಳುವ ಲೆಕ್ಕದಂತೆ ಹಿಡಿಯಲು 0.175 ಸೆಕೆಂಡ್ ಹಿಡಿದಿದೆ. ಕಣ್ಣಿಂದ ಮೆದುಳಿಗೆ, ಅಲ್ಲಿಂದ ಮೆದುಳುಬಳ್ಳಿ ಹಾದು ಕೈಗೆ ಹೋಗಲು ಅಷ್ಟು ಹೊತ್ತು ಬೇಕು. ಹಿಡಿಯುವವರಿಗೆ ಹದಿನೇಳರ ಮಗ್ಗಿ ಹೇಳಿಸಿ ನೋಡಿ, ಸ್ಕೇಲು ಇನ್ನೂ ಕೆಳಗೆ ಜಾರುತ್ತದೆ.

ಇಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಮುಂದಿನ ಪಿರಿಯಡ್ಡಿನ ಮಾಸ್ತರು ಬಾಗಿಲಲ್ಲೇ ಮೂಗು ಮುಚ್ಚುತ್ತಾರೆ, ಒಳಗಿದ್ದ ನಮಗೆ ವಾಸನೆಯ ಸುಳಿವೇ ಇಲ್ಲ. ವಾಸನೆಯ ನರಗಳು ಯಾಕೆ ಹೀಗೆ ಬೇಗ ಒಗ್ಗಿಹೋಗುತ್ತವೆ ಎಂದು ಅವರಿಗೂ ವಿವರಿಸಲು ಹೋದೆ, “ಮೊದಲು ಕಿಟಕಿ ತೆಗೀರಿ ಅಕ್ಕೋರೆ” ಅಂದರು.