ಪ್ಯಾಂಟಿನ ಸೀಟ್ ನಂಬಿ ಹಾರುವುದು

ಒಂದು ಇಂಟರ್‌ವ್ಯೂನಲ್ಲಿ ‘ನೀವು ಕೆಲಸ ಮಾಡೋ ರೀತಿ ಹೇಗೆ?’ ಅಂತ ಕೇಳಿದರು. ‘ಐ ಫ್ಲೈ ಬೈ ದ ಸೀಟ್ ಆಫ್ ಮೈ ಪ್ಯಾಂಟ್ಸ್’ ಅಂತ ಜಂಬದಿಂದ ಹೇಳಿದೆ. ಅದಕ್ಕೆ ಧೈರ್ಯವಂತ ಅನ್ನುವ ಅರ್ಥ ಅಂದುಕೊಂಡಿದ್ದೆ. ಎದುರಿಗಿದ್ದವರು ಪೆನ್ ಕೆಳಗಿಟ್ಟರು. ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ಅದು; ನಾನು ಹೇಳಿದ್ದು ‘ಪ್ಲಾನ್ ಇಲ್ಲದೆ ಅಂದಾಜಿನ ಮೇಲೆ ನಡೆಸ್ತೀನಿ’ ಅಂತ!

ಇಲ್ಲಿ ಸೀಟ್ ಅಂದರೆ ಕುರ್ಚಿ ಅಲ್ಲ, ಪ್ಯಾಂಟಿನಲ್ಲಿ ನಾವು ಊರಿ ಕೂರುವ ಭಾಗ. ಹಳೆಯ ವಿಮಾನಗಳಲ್ಲಿ ಮೀಟರುಗಳು ಕಡಿಮೆ. ವಿಮಾನ ಪಕ್ಕಕ್ಕೆ ಜಾರುತ್ತಿದೆಯಾ, ಕುಸಿಯುತ್ತಿದೆಯಾ ಅನ್ನುವುದು ಪೈಲಟ್‌ಗೆ ಕೂತ ಜಾಗದಲ್ಲೇ ಗೊತ್ತಾಗಬೇಕಿತ್ತು. ನೆಲ ಕಾಣುತ್ತಿರುವಷ್ಟು ಹೊತ್ತು ಇದು ನಡೆಯುತ್ತದೆ. ಮೋಡದೊಳಗೆ ಹೊಕ್ಕರೆ ಒಳಕಿವಿಯೇ ಮೋಸ ಮಾಡುತ್ತದೆ. ವಿಮಾನ ವಾಲಿಕೊಂಡು ಸುತ್ತುತ್ತಿದ್ದರೂ ನೆಟ್ಟಗೆ ಹೋಗುತ್ತಿದೆ ಅನ್ನಿಸುತ್ತದೆ. 1929ರಲ್ಲಿ ಜಿಮ್ಮಿ ಡೂಲಿಟಲ್ ಅನ್ನುವ ಅಮೆರಿಕದ ಪೈಲಟ್, ಹೊರಗೇನೂ ಕಾಣದಂತೆ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕೂತು, ಬರೀ ಮೀಟರು ನೋಡಿಕೊಂಡು ಹಾರಿ, ಇಳಿದು ತೋರಿಸಿದರು. ನನ್ನ ಜಂಬದ ಮಾತಿಗೆ ಪೂರ್ತಿ ಉಲ್ಟಾ!

ಹಾಗಾಗಿ ಮುಂಚೆ ಪ್ಲಾನ್ ಇಲ್ಲದೆ, ಆ ಹೊತ್ತಿಗೆ ತೋಚಿದಂತೆ ನಿಭಾಯಿಸಿದಾಗ ಈ ಮಾತು ಬಳಸಿ. ಕತ್ತಲಲ್ಲಿ ಕಲ್ಲು ಎಸೆಯುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಪಳಗಿದ ಅಂದಾಜು ಸ್ವಲ್ಪವಾದರೂ ಇರುತ್ತದೆ. ನಮ್ಮ ‘ಕೈಯಂದಾಜು’ ಇದಕ್ಕೆ ಹತ್ತಿರ ಅಲ್ವಾ? ಪ್ರೊಜೆಕ್ಟರ್ ಕೈಕೊಟ್ಟು, ಸ್ಲೈಡ್ ಇಲ್ಲದೆ ಅರ್ಧ ಗಂಟೆ ಮಾತಾಡಿದಿರಿ ಅನ್ನಿ. ‘ಐ ವಾಸ್ ಫ್ಲೈಯಿಂಗ್ ಬೈ ದ ಸೀಟ್ ಆಫ್ ಮೈ ಪ್ಯಾಂಟ್ಸ್’ ಅಂದರೆ ಕೇಳಿದವರು ನಗುತ್ತಾರೆ. ಅದೇ ಮಾತನ್ನು ನಿಮ್ಮ ಮ್ಯಾನೇಜರ್ ಬಗ್ಗೆ ಹೇಳಿದರೆ ಚುಚ್ಚಿದ ಹಾಗೆ. ನಡೆದು ಹೋದ ಎಡವಟ್ಟನ್ನು ನೆನೆಯುವಾಗ ಚೆನ್ನ. ಇದೇ ನನ್ನ ಸ್ವಭಾವ ಅಂತ ಹೇಳಿಕೊಳ್ಳುವಾಗ ಜಾಸ್ತಿ ಜೋಕೆ.

ಮೈ, ಹಿಸ್, ಅವರ್ ಅಂತ ಆಳಿಗೆ ತಕ್ಕ ಹಾಗೆ ಬದಲಾಯಿಸಿ. ಪ್ಯಾಂಟ್ಸ್‌ನ ಕೊನೆಯ ‘ಸ್’ ಬಿಡಬೇಡಿ. ‘ಸೀಟ್ ಆಫ್ ದ ಪ್ಯಾಂಟ್ಸ್ ಡಿಸಿಷನ್’ ಅಂತ ಚಿಕ್ಕದಾಗಿಯೂ ಹೇಳಬಹುದು; ಆಗ ಫ್ಲೈ ಬೇಡ. ಬ್ರಿಟಿಷರಿಗೆ ಪ್ಯಾಂಟ್ಸ್ ಅಂದರೆ ಒಳಚಡ್ಡಿ. ಹಾಗಂತ ಅವರೂ ಈ ಮಾತನ್ನು ಬಿಟ್ಟಿಲ್ಲ.

‘ವಿಂಗ್ ಇಟ್’ ಕೂಡ ಹೆಚ್ಚುಕಡಿಮೆ ಇದೇ ಅರ್ಥದ್ದು. ಆದರೆ ಅದರ ಮೂಲ ರೆಕ್ಕೆ ಅಲ್ಲ, ನಾಟಕದ ಸೈಡ್ ವಿಂಗ್, ಅಂದರೆ ರಂಗದ ಪಕ್ಕದ ಮರೆ. ಮಾತು ಬಾಯಿಪಾಠ ಆಗದ ನಟರು ಅಲ್ಲಿ ನಿಂತು ಅವಸರದಲ್ಲಿ ಕಲಿತು ರಂಗಕ್ಕೆ ಬರುತ್ತಿದ್ದರು.