ಕಾಳಿ ಅಳಿವೆಯ ವಿಬ್ರಿಯೊವನ್ನು ಬೇರೆ ಊರಿನ ತಳಿಗಳ ಜೊತೆ ಹೋಲಿಸುವುದು: ನಮ್ಮ ಅನುಭವ

ಅರೆಬೆಂದ ಬಳಚು, ಕಲ್ವದಂಥ ಚಿಪ್ಪಿ ತಿಂದವರಿಗೆ ಹೊಟ್ಟೆನುಲಿತ, ನೀರುಭೇದಿ ಶುರುವಾದರೆ ಕರಾವಳಿಯಲ್ಲಿ ಅನುಮಾನಿಸಬೇಕಾದ ಬ್ಯಾಕ್ಟೀರಿಯಾಗಳಲ್ಲಿ ವಿಬ್ರಿಯೊ ಪ್ಯಾರಾಹೀಮೋಲಿಟಿಕಸ್ ಒಂದು. 1950ರಲ್ಲಿ ಒಸಾಕಾದಲ್ಲಿ ಪತ್ತೆಯಾದದ್ದು. 1996ರಲ್ಲಿ ಕೋಲ್ಕತ್ತದಲ್ಲಿ ಇದರ ಓ3:ಕೆ6 (ಹೊರಮೈಯ ಗುರುತುಗಳಿಂದ ಬಂದ ಹೆಸರು) ತಳಿ ಒಮ್ಮೆಲೇ ಹೆಚ್ಚಿತು. ಅದೇ ವಂಶ ಮುಂದೆ ಪೆರು, ಚಿಲಿ, ಅಮೆರಿಕದವರೆಗೂ ಹೋಯಿತು. ಹಾಗಾಗಿ ನಮ್ಮ ಉತ್ತರ ಕನ್ನಡದ ಕಾಳಿಯಲ್ಲೋ ಅಘನಾಶಿನಿಯಲ್ಲೋ ವಿಬ್ರಿಯೊ ಸಿಕ್ಕಿತು ಅಂದ ಕೂಡಲೇ ಬರುವ ಪ್ರಶ್ನೆ, ಇದು ಅದೇನಾ? ಡಿಎನ್‌ಎ ಓದುವ ಯಂತ್ರ ಬೆಂಗಳೂರಿನಲ್ಲಿದೆ. ಉತ್ತರ ಹಾಳಾಗುವುದು ಮಾತ್ರ ಹೆಚ್ಚಾಗಿ ಇಲ್ಲೇ, ದೋಣಿಗೂ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿಗೂ ನಡುವೆ.

ಮಾದರಿ ತೆಗೆಯುವಾಗ ಉಪ್ಪಿನಂಶ, ನೀರಿನ ಉಷ್ಣತೆ, ಭರತವೋ ಇಳಿತವೋ ಎಂಬುದನ್ನು ಅಲ್ಲೇ ಬರೆದುಕೊಳ್ಳಬೇಕು. ಮಳೆಗಾಲದಲ್ಲಿ ಅಳಿವೆಯ ಮೇಲ್ನೀರು ಹೆಚ್ಚುಕಡಿಮೆ ಸಿಹಿಯಾಗಿರುತ್ತದೆ, ಏಪ್ರಿಲ್-ಮೇನಲ್ಲಿ ಸಮುದ್ರದಷ್ಟೇ ಉಪ್ಪು. ಕಾಳಿಯಲ್ಲಿ ಕದ್ರಾ ಅಣೆಕಟ್ಟಿನಿಂದ ಬಿಡುವ ನೀರಿನ ಲೆಕ್ಕವೂ ಸೇರುತ್ತದೆ, ಅಘನಾಶಿನಿಗೆ ಅಣೆಕಟ್ಟಿಲ್ಲ. ಒಂದೇ ಜಿಲ್ಲೆಯ ಎರಡು ಅಳಿವೆಗಳೇ ಹೀಗಿರುವಾಗ, ತಿಂಗಳು ಹೊಂದಿಸದೆ ಕೋಲ್ಕತ್ತದ ಜೊತೆ ಹೋಲಿಸಿದರೆ ಸಿಗುವುದು ಋತುವಿನ ವ್ಯತ್ಯಾಸ, ಊರಿನದಲ್ಲ.

ಬಳಚನ್ನು ಐಸಿನ ಮೇಲೆ ನೇರ ಸುರಿಯಬಾರದು. ವಿಬ್ರಿಯೊಗೆ ಚಳಿ ಆಗದು. ಕೆಲವು ಜೀವಂತ ಇದ್ದರೂ ಪ್ಲೇಟಿನಲ್ಲಿ ಏಳುವುದಿಲ್ಲ. ಐಸ್‌ಪ್ಯಾಕಿನ ಮೇಲೆ ದಪ್ಪ ಬಟ್ಟೆ ಹಾಸಿ 7ರಿಂದ 10 ಡಿಗ್ರಿಯಲ್ಲಿಟ್ಟು ಅದೇ ದಿನ ಲ್ಯಾಬಿಗೆ ತರಬೇಕು. ರೋಗಿಯ ಮಲದ ಮಾದರಿಯನ್ನು ಆಂಟಿಬಯೋಟಿಕ್ ಕೊಡುವ ಮೊದಲೇ ತೆಗೆದು ಕ್ಯಾರಿ-ಬ್ಲೇರ್ (ಮಾದರಿ ಕೆಡದಂತೆ ಸಾಗಿಸುವ ಮಾಧ್ಯಮ) ನಳಿಕೆಗೆ ಹಾಕಿದರೆ ಮಾಮೂಲಿ ಉಷ್ಣತೆಯಲ್ಲೇ ಒಂದೆರಡು ದಿನ ತಡೆಯುತ್ತದೆ. ನೈತಿಕ ಸಮಿತಿಯ ಅನುಮತಿ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಚಿಪ್ಪಿನೊಳಗಿನ ಮಾಂಸ ಮತ್ತು ರಸ ಸೇರಿ 25 ಗ್ರಾಂ, ಅದಕ್ಕೆ ಕ್ಷಾರೀಯ ಪೆಪ್ಟೋನ್ ನೀರು 225 ಮಿಲೀ. ಲೀಟರಿಗೆ ಪೆಪ್ಟೋನ್ 20 ಗ್ರಾಂ, ಉಪ್ಪು 20 ಗ್ರಾಂ, ಪಿಎಚ್ 8.6. 37 ಡಿಗ್ರಿಯಲ್ಲಿ 6 ತಾಸು ಇಟ್ಟು, ಅಲುಗಾಡಿಸದೆ, ಮೇಲ್ಪದರದಿಂದಲೇ ಒಂದು ಲೂಪ್ ತೆಗೆದು ಟಿಸಿಬಿಎಸ್ (ವಿಬ್ರಿಯೊಗಳನ್ನು ಆರಿಸಿ ಬೆಳೆಸುವ ಅಗಾರ್) ಪ್ಲೇಟಿಗೆ ಗೀಚುತ್ತೇವೆ. ವಿಬ್ರಿಯೊ ಗಾಳಿ ಇದ್ದಲ್ಲಿ ಚೆನ್ನಾಗಿ ಬೆಳೆಯುತ್ತದೆ, ಅದಕ್ಕೇ ಮೇಲೆ ಬಂದು ಕೂತಿರುತ್ತದೆ. ಬಾಟಲಿ ಕುಲುಕಿದರೆ ಬೇರೆಯವೂ ಸೇರಿಕೊಳ್ಳುತ್ತವೆ. ಟಿಸಿಬಿಎಸ್ ಪುಡಿ ಲೀಟರಿಗೆ 89 ಗ್ರಾಂ. ಕುದಿಸಿದರೆ ಸಾಕು, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಬೇಯಿಸುವುದು) ಮಾಡಿದರೆ ಕೆಟ್ಟಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಗಾಳಿಯ ತೇವಕ್ಕೆ ಈ ಪುಡಿ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ, ಹಾಗಾಗಿ ದೊಡ್ಡ ಡಬ್ಬಿ ತರಿಸುವುದು ದಂಡ. ಪ್ಲೇಟಿನ ಮೇಲೆ ಬೆವರು ಕಂಡರೆ ಮುಚ್ಚಳ ಸರಿಸಿ ಅರ್ಧ ತಾಸು ಇನ್‌ಕ್ಯುಬೇಟರಿನಲ್ಲಿ ಒಣಗಿಸಬೇಕು. ಒದ್ದೆ ಪ್ಲೇಟಿನಲ್ಲಿ ಹಳದಿ ಬಣ್ಣದ ವಿಬ್ರಿಯೊ ಆಲ್ಜಿನೋಲಿಟಿಕಸ್ ಹರಡಿಕೊಂಡು ನಮಗೆ ಬೇಕಾದ ಹಸಿರು ಕಾಲೊನಿಗಳನ್ನು ನುಂಗಿಬಿಡುತ್ತದೆ.

ಹಸಿರಾಗಿದ್ದದ್ದೆಲ್ಲ ಪ್ಯಾರಾಹೀಮೋಲಿಟಿಕಸ್ ಅಲ್ಲ. ಉಪ್ಪಿನ ಪರೀಕ್ಷೆ ಅಗ್ಗದ್ದು, ನಂಬಿಕೆಯದ್ದು: ಉಪ್ಪಿಲ್ಲದ ಸಾರದಲ್ಲಿ ಬೆಳೆಯಬಾರದು, ಶೇ 8ರಲ್ಲಿ ಬೆಳೆಯಬೇಕು, ಶೇ 10ರಲ್ಲಿ ಬೆಳೆಯಬಾರದು. ಆಕ್ಸಿಡೇಸ್ ಎಂಬ ಕಿಣ್ವದ ಪರೀಕ್ಷೆಯನ್ನು ಟಿಸಿಬಿಎಸ್ ಕಾಲೊನಿಯಿಂದ ನೇರ ಮಾಡಿದರೆ ಸುಳ್ಳು ಫಲಿತಾಂಶ ಬರುತ್ತದೆ. ಉಪ್ಪು ಹಾಕಿದ ಟ್ರಿಪ್ಟಿಕ್ ಸೋಯ್ ಅಗಾರಿಗೆ ದಾಟಿಸಿದ ಮೇಲೆಯೇ ಮಾಡಬೇಕು.

ಇನ್ನು ಪಿಸಿಆರ್, ಅಂದರೆ ಬೇಕಾದ ಜೀನ್ ತುಣುಕನ್ನು ನಕಲು ಮಾಡಿ ಹೆಚ್ಚಿಸಿ ಜೆಲ್ ಮೇಲೆ ಪಟ್ಟಿಯಾಗಿ ನೋಡುವುದು. ಟಿಎಲ್‌ಎಚ್ ಜೀನ್ 450 ಬೇಸ್‌ನ (ಬೇಸ್ ಅಂದರೆ ಡಿಎನ್‌ಎಯ ಒಂದು ಅಕ್ಷರ) ಪಟ್ಟಿ ಕೊಟ್ಟರೆ ಪ್ರಭೇದ ಖಾತ್ರಿ. ಟಿಡಿಎಚ್ (269) ಮತ್ತು ಟಿಆರ್‌ಎಚ್ (500) ವಿಷದ ಜೀನ್‌ಗಳು. 58 ಡಿಗ್ರಿ ಅನೀಲಿಂಗ್ (ಪ್ರೈಮರ್ ಡಿಎನ್‌ಎಗೆ ಅಂಟುವ ಹಂತ), 30 ಸುತ್ತು ಸಾಕು. ನೀರು, ಚಿಪ್ಪಿಯಿಂದ ಬಂದ ತಳಿಗಳಲ್ಲಿ ಬಹಳಷ್ಟಕ್ಕೆ ಈ ಎರಡೂ ಇರುವುದಿಲ್ಲ, ಅದು ಪಿಸಿಆರ್ ಸೋತದ್ದಲ್ಲ. ಆದರೂ ಪ್ರತಿ ಸಲ ಟಿಡಿಎಚ್ ಇರುವ ಒಂದು ತಳಿಯನ್ನು ಜೊತೆಗೆ ಓಡಿಸಿ; ಇಲ್ಲದಿದ್ದರೆ ಖಾಲಿ ಜೆಲ್‌ಗೆ ಅರ್ಥವೇ ಇಲ್ಲ. ಯೂರಿಯೇಸ್ (ಯೂರಿಯಾ ಒಡೆಯುವ ಕಿಣ್ವ) ಪಾಸಿಟಿವ್ ಬಂದ ತಳಿಯಲ್ಲಿ ಟಿಆರ್‌ಎಚ್ ಇರುವ ಸಾಧ್ಯತೆ ಹೆಚ್ಚು, ಯೂರಿಯೇಸ್ ಜೀನ್‌ಗಳು ಅದರ ಪಕ್ಕದಲ್ಲೇ ಕೂತಿರುತ್ತವೆ. ಕಾಸು ಕಡಿಮೆ ಇರುವ ಲ್ಯಾಬಿಗೆ ಇದು ಒಳ್ಳೆ ಮೊದಲ ಜರಡಿ.

ಕುದಿಸಿ ತೆಗೆದ ಡಿಎನ್‌ಎ ಪಿಸಿಆರ್‌ಗೆ ಸಾಕು, ಜೀನೋಮ್‌ಗೆ (ಇಡೀ ಡಿಎನ್‌ಎ ಓದುವುದಕ್ಕೆ) ಸಾಲದು. ಈ ಬ್ಯಾಕ್ಟೀರಿಯಾ ತನ್ನದೇ ಡಿಎನ್‌ಎಯನ್ನು ಕತ್ತರಿಸುವ ಕಿಣ್ವ ಹೊರಬಿಡುತ್ತದೆ. ನಿಧಾನ ಮಾಡಿದರೆ ಜೆಲ್‌ನಲ್ಲಿ ಪಟ್ಟಿಯ ಬದಲು ಮಸಿ ಎಳೆದ ಹಾಗೆ ಕಾಣುತ್ತದೆ. ಪ್ರೋಟೀನ್ ಒಡೆಯುವ ಪ್ರೋಟಿನೇಸ್-ಕೆ ಕಿಣ್ವ ಇರುವ ಕಾಲಂ ಕಿಟ್ ಬಳಸಿ, ಒಂದೇ ಬೀಸಿಗೆ ಮುಗಿಸಿ. ಪ್ರಮಾಣವನ್ನು ಬೆಳಕು ಹೀರುವುದನ್ನು ನೋಡುವ ನ್ಯಾನೋಡ್ರಾಪ್‌ನಲ್ಲಷ್ಟೇ ಅಳೆದರೆ ಆರ್‌ಎನ್‌ಎಯೂ ಸೇರಿ ಜಾಸ್ತಿ ತೋರಿಸುತ್ತದೆ, ಡಿಎನ್‌ಎಗೆ ಅಂಟುವ ಬಣ್ಣದಿಂದ ಅಳೆಯುವ ಕ್ಯೂಬಿಟ್‌ನ ಅಂಕಿಯನ್ನೇ ನಂಬಬೇಕು.

ಜೀನೋಮ್ ಸುಮಾರು 51.6 ಲಕ್ಷ ಬೇಸ್, ಎರಡು ಕ್ರೋಮೊಸೋಮ್‌ಗಳಲ್ಲಿ. 60 ಪಟ್ಟು ಓದು (ಪ್ರತಿ ಬೇಸನ್ನು ಸರಾಸರಿ 60 ಸಲ) ಬೇಕಾದರೆ 150 ಬೇಸ್‌ನ ಜೋಡಿ ಓದುಗಳು ಸುಮಾರು 10.3 ಲಕ್ಷ ಜೋಡಿ. ಈ ಓದುಗಳನ್ನು ಜೀನೋಮಾಗಿ ಜೋಡಿಸಿದ ಮೇಲೆ ಮೊದಲು ನೋಡುವುದು ಒಟ್ಟು ಉದ್ದ. 60 ಲಕ್ಷ ದಾಟಿದರೆ ಬಹುಶಃ ಎರಡು ತಳಿ ಬೆರೆತಿವೆ, ಮತ್ತೆ ಗೀಚಿ ಒಂಟಿ ಕಾಲೊನಿ ತೆಗೆಯಬೇಕು. ಇನ್ನೊಂದು ಬಲೆ ಇದೆ: ಓ3:ಕೆ6 ತಳಿಯ ಎರಡನೇ ಕ್ರೋಮೊಸೋಮಿನಲ್ಲಿ ಟಿಡಿಎಚ್ ಎರಡು ಪ್ರತಿ ಇವೆ, ಹೆಚ್ಚುಕಡಿಮೆ ಒಂದೇ ಥರ. ಸಣ್ಣ ಓದುಗಳು ಎರಡನ್ನೂ ಒಂದಾಗಿ ಮಡಚಿಬಿಡುತ್ತವೆ. "ನಮ್ಮ ಕಡೆಯ ತಳಿಯಲ್ಲಿ ಒಂದೇ ಪ್ರತಿ" ಅಂತ ಬರೆಯುವ ಮೊದಲು ಆ ಜಾಗದ ಓದಿನ ಆಳ ಉಳಿದ ಕಡೆಗಿಂತ ಇಮ್ಮಡಿ ಇದೆಯೇ ನೋಡಿ.

ಏಳು ಜೀನ್‌ಗಳನ್ನು ನೋಡಿ ತಳಿಗೆ ಎಸ್‌ಟಿ ಎಂಬ ಸಂಖ್ಯೆ ಕೊಡುವ ಎಂಎಲ್‌ಎಸ್‌ಟಿ ವಿಧಾನದಲ್ಲಿ ಕೋಲ್ಕತ್ತದ ವಂಶ ಎಸ್‌ಟಿ3, ಅಮೆರಿಕದ ಪಶ್ಚಿಮ ಕರಾವಳಿಯದು ಎಸ್‌ಟಿ36. ಎಸ್‌ಟಿ ಹೊಂದಿದರೆ ಮಾತ್ರ ಒಂದೊಂದು ಬೇಸಿನ ವ್ಯತ್ಯಾಸ ಎಣಿಸುವ ಹಂತಕ್ಕೆ ಹೋಗಬೇಕು. ಆಗಲೂ ತಳಿಗಳು ಪರಸ್ಪರ ಡಿಎನ್‌ಎ ಬದಲಾಯಿಸಿಕೊಂಡ ಭಾಗಗಳನ್ನು ಗಬಿನ್ಸ್‌ನಂಥ ತಂತ್ರಾಂಶದಿಂದ ಗುರುತಿಸಿ ತೆಗೆದಿರಬೇಕು. ಒಂದೇ ತುಂಡು ಹೊರಗಿನಿಂದ ಬಂದು ಸೇರಿದ್ದರೂ ಅಕ್ಕಪಕ್ಕದ ತಳಿಗಳು ದೂರದ ನೆಂಟರಂತೆ ಕಾಣುತ್ತವೆ. ಬೇರೆ ಬೇರೆ ಎಸ್‌ಟಿಗಳಿಗೆ ಗಬಿನ್ಸ್ ಒಗ್ಗುವುದಿಲ್ಲ, ಅಲ್ಲಿ ಎಲ್ಲದರಲ್ಲೂ ಇರುವ ಜೀನ್‌ಗಳಿಂದ ವಂಶವೃಕ್ಷದ ಮರ ಕಟ್ಟಿದರೆ ಸಾಕು.

ಹೋಲಿಕೆಗೆ ಇಳಿಸಿಕೊಳ್ಳುವ ಸಾರ್ವಜನಿಕ ಜೀನೋಮ್‌ಗಳ ವಿಷಯದಲ್ಲೇ ಹೆಚ್ಚು ಜನ ಎಡವುವುದು. ಅವುಗಳಲ್ಲಿ ರೋಗಿಗಳಿಂದ ಬಂದವು ತುಂಬಾ ಇವೆ. ಕಾಳಿಯ ಬಳಚಿನ ತಳಿಯನ್ನು ಅವುಗಳ ನಡುವೆ ಇಟ್ಟರೆ ಅದು ದೂರದ ಕೊಂಬೆಯಲ್ಲಿ ಒಂಟಿಯಾಗಿ ಕೂರುತ್ತದೆ, "ಕಾರವಾರದ ವಿಶಿಷ್ಟ ತಳಿ" ಅಂತ ಶೀರ್ಷಿಕೆಯೂ ಹುಟ್ಟುತ್ತದೆ. ಚಿಪ್ಪಿಯ ತಳಿಗೆ ಚಿಪ್ಪಿಯದೇ, ರೋಗಿಯದಕ್ಕೆ ರೋಗಿಯದೇ ಜೊತೆ ಸಿಗಬೇಕು. ಒಂದೇ ಚೀಲದ ಐದು ಕಾಲೊನಿ ಒಂದೇ ತಳಿಯಾಗಿದ್ದರೆ ಮರಕ್ಕೆ ಒಂದನ್ನೇ ಹಾಕುತ್ತೇವೆ. ಉಳಿದ ನಾಲ್ಕು ಶೇ 20 ಗ್ಲಿಸರಾಲ್‌ನಲ್ಲಿ ಮೈನಸ್ 80ಕ್ಕೆ ಹೋಗುತ್ತವೆ. ಸಾರಕ್ಕೆ ಶೇ 2 ಉಪ್ಪು ಬೆರೆಸಿರಬೇಕು. ಮಳೆಗಾಲದಲ್ಲಿ ಕರೆಂಟು ನೆಚ್ಚಿಕೊಳ್ಳುವಂತಿಲ್ಲ, ಹಾಗಾಗಿ ಪ್ರತಿ ತಳಿಯ ಇನ್ನೊಂದು ನಳಿಕೆ ಬೇರೆ ಕಟ್ಟಡದ ಫ್ರೀಜರಿನಲ್ಲಿ.